ಎಡಗೈಯ ಕಲ್ಲು

ಮೂರು ಗಂಟೆಗೆ ಮೀಟಿಂಗು. ನಂಜನಗೂಡಿನಿಂದ ಕವಲಂದೆ ಕಡೆಗೆ ಹೋಗುವ ಎಂಟೂಕಾಲರ ಬಸ್ಸಿನಲ್ಲಿ ಅಂದು ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೇ ಗಂಗಾಧರಸ್ವಾಮಿಗೆ ಕಿರಿಕಿರಿಯಾಯಿತು. ದಿನಾ ಕಂಬಿ ಹಿಡಿದು ಜೋತಾಡಿಕೊಂಡು ಹೋಗುವವನಿಗೆ ಇವತ್ತೇ ಯಾಕೆ ಈ ಉಪಚಾರ? ನಿಂತಿದ್ದರೆ ಪಕ್ಕದವನ ಮೊಣಕೈ, ಕಂಡಕ್ಟರನ ಬೈಗುಳ, ಕಾಲ ಮೇಲೆ ಯಾರದೋ ಕಾಲು, ಹೀಗೆ ಮನಸ್ಸಿಗೆ ಏನಾದರೊಂದು ಕೆಲಸವಿರುತ್ತದೆ. ಕೂತರೆ ಮುಗಿಯಿತು, ಮೂರು ಗಂಟೆಯ ಮೀಟಿಂಗು ತಲೆಯೊಳಗೆ ಈಗಲೇ ಶುರುವಾಗುತ್ತದೆ. ಶಾಲಾ ಸಮಿತಿಯವರು ಏನು ಬೇಕಾದರೂ ಕೇಳಲಿ. ಬೈಯಲಿ, ಇಲಾಖೆಗೆ ಬರೆಯಲಿ, ವರ್ಗ ಮಾಡಿಸಲಿ. ಚೈತ್ರನ ವಿಷಯ ಒಂದು ಮಾತ್ರ ಬಾಯಿಂದ ಬರಬಾರದು. ಹತ್ತನೇ ಕ್ಲಾಸಿನ ಆ ಹುಡುಗಿಗೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಇವತ್ತಿಗೆ ಹದಿನೆಂಟು ದಿನ. ಹದಿನೆಂಟು ದಿನ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡವನಿಗೆ ಇನ್ನೊಂದು ದಿನ ಇಟ್ಟುಕೊಳ್ಳುವುದು ಏನು ಮಹಾ ಎಂದು ತನಗೆ ತಾನೇ ಹೇಳಿಕೊಂಡ. ಇನ್ನೊಂದು ವಿಷಯವೂ ಬರಬಾರದು. ಆದರೆ ಅದು ಅವನದು, ಮೂವತ್ತು ವರ್ಷದ ಹಳೆಯದು, ಅದು ಬಂದೀತು ಎಂಬ ಭಯವಿರಲಿಲ್ಲ.

ಎಲ್ಲ ಆ ಹಾಳು ದ್ರಾಕ್ಷಿಯಿಂದ ಆದದ್ದು. ಎರಡು ಸಾವಿರದ ನಾಲ್ಕನೇ ಇಸವಿಯ ದಸರಾ ರಜೆ ಮುಗಿದ ಮೇಲೆ, ಹತ್ತನೇ ಕ್ಲಾಸಿನ ಮಕ್ಕಳ ಮನಸ್ಸಿನ ಒತ್ತಡ ಇಳಿಸಬೇಕು, ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕರನ್ನು ಮೈಸೂರಿಗೆ ಮೂರು ದಿನದ ತರಬೇತಿಗೆ ಕಳಿಸಿ ಎಂದು ಸುತ್ತೋಲೆ ಬಂದಿತ್ತು. ಹೆಡ್ಮೇಷ್ಟ್ರು ಅನಂತಪದ್ಮನಾಭ ಆರಿಸಿದ್ದು ಗಣಿತದ ಮೇಷ್ಟ್ರನ್ನು. ಆ ಶಾಲೆಯಲ್ಲಿ ಮಕ್ಕಳಿಗೆ ಒತ್ತಡ ಎಂಬುದೇನಾದರೂ ಇದ್ದರೆ ಅದರ ಮುಕ್ಕಾಲು ಪಾಲು ತಾನೇ ಎಂದು ಗಂಗಾಧರಸ್ವಾಮಿಗೂ ಗೊತ್ತಿತ್ತು, ಡಸ್ಟರಿನ ಏಟು ತಿಂದ ಮಕ್ಕಳಿಗೂ ಗೊತ್ತಿತ್ತು. ತರಬೇತಿಯಲ್ಲಿ ಬಿಳಿ ಕಾಟನ್ ಸೀರೆಯ ಮೇಡಂ ಒಬ್ಬರು ಎಲ್ಲರ ಕೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟು, ತಿನ್ನಬೇಡಿ, ಸುಮ್ಮನೆ ನೋಡಿ, ತೂಕ ನೋಡಿ, ಸುಕ್ಕು ನೋಡಿ, ಬಂದ ಯೋಚನೆಯನ್ನು ಓಡಿಸಲೂಬೇಡಿ ಹಿಡಿಯಲೂಬೇಡಿ ಎಂದರು. ಪಕ್ಕದಲ್ಲಿದ್ದ ನರಸೀಪುರದ ಡ್ರಿಲ್ ಮೇಷ್ಟ್ರು ಆಗಲೇ ನುಂಗಿಬಿಟ್ಟಿದ್ದರು. ಊರಿಗೆ ಬಂದು ಯೋಚಿಸಿದ. ನಲವತ್ತೊಂದು ಮಕ್ಕಳ ಕೈಗೆ ದಿನಾ ದ್ರಾಕ್ಷಿ ಕೊಟ್ಟರೆ ಒಂದು ಕ್ಷಣ ಉಳಿಯುವುದುಂಟೇ? ಅದಕ್ಕೇ ಕಲ್ಲು. ಸಣ್ಣದು, ನುಣ್ಣಗಿರೋದು ಒಂದೊಂದು ಆರಿಸಿಕೊಂಡು ಬನ್ನಿ ಎಂದ. ತಂದರು. ಎಡಗೈಯಲ್ಲಿಟ್ಟುಕೊಳ್ಳಿ, ಎದೆ ಮಟ್ಟಕ್ಕೆ ಹಿಡಿಯಿರಿ, ಮೊದಲು ಅದನ್ನೇ ನೋಡಿ, ಆಮೇಲೆ ಕಣ್ಣು ಮುಚ್ಚಿ ತೂಕ ಮಾತ್ರ ನೋಡಿ ಎಂದ. ಯಾಕೆ ಎಡಗೈ ಎಂದು ಅವನೂ ಯೋಚಿಸಲಿಲ್ಲ, ಮಕ್ಕಳೂ ಕೇಳಲಿಲ್ಲ. ಹನ್ನೊಂದನೇ ವಯಸ್ಸಿನಿಂದ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತ ಜಂಗಮರ ಮನೆಯವನ ಕೈಗೆ ಬೇರೆ ಕೈ ಇದೆಯೆಂದೇ ಹೊಳೆಯಲಿಲ್ಲ. ನಾಲ್ಕು ತಿಂಗಳಾದ ಮೇಲೆ ಊರಿನವರಿಗೆ ಹೊಳೆದಿತ್ತು.

ಶಾಲೆ ಕವಲಂದೆ ದಾಟಿ ಸಿಗುವ ಹಳ್ಳಿಯಲ್ಲಿ. ಬೆಲ್ಲಾಯಿತು, ಪ್ರಾರ್ಥನೆಯಾಯಿತು, ಹತ್ತನೇ ಕ್ಲಾಸಿಗೆ ಹೋಗಿ ಕೂತುಕೊಳ್ಳಿ ಎಂದ. ನಲವತ್ತೊಂದು ಎಡಗೈಗಳು ಮೇಲೆದ್ದವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಸುಮ್ಮನಾದರು. ಹತ್ತು ನಿಮಿಷ. ಮಕ್ಕಳಿಗೆ ಕಣ್ಣು ಮುಚ್ಚಲು ಹೇಳಿಕೊಟ್ಟವನು ಇಷ್ಟು ದಿನದಲ್ಲಿ ಒಂದು ದಿನವೂ ತಾನು ಮುಚ್ಚಿಲ್ಲ. ಮುಚ್ಚಿದರೆ ಸಾಕು, ಇಪ್ಪತ್ತೈದು ಯೋಚನೆ ಒಟ್ಟಿಗೆ ನುಗ್ಗುತ್ತವೆ. ಸುಮ್ಮನೆ ನೋಡಿ ಎಂದರೆ ಏನು ನೋಡುವುದು, ಅವು ನಿಂತರೆ ತಾನೇ? ಅದಕ್ಕೇ ಮಕ್ಕಳ ಮುಖ ನೋಡುತ್ತಾ ಓಡಾಡುತ್ತಾನೆ. ಮೂರನೇ ಬೆಂಚಿನ ತುದಿಯಲ್ಲಿ ಚೈತ್ರ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೆಳತುಟಿ ಒಳಗೆಳೆದುಕೊಂಡಿರುವ ಬಾಯಿ. ಅಂಗೈಯಲ್ಲಿ ಹುಣಸೆಬೀಜದಷ್ಟು ಕಲ್ಲು. ಕೈ ನಡುಗುತ್ತಿರಲಿಲ್ಲ. ಮೊದಲ ಮೂರು ತಿಂಗಳು ಅವಳ ಕಲ್ಲು ದಿನಕ್ಕೆ ಮೂರು ಸಲ ಕೆಳಗೆ ಬೀಳುತ್ತಿತ್ತು. ಬೋರ್ಡಿಗೆ ಕರೆದರೆ ಸೀಮೆಸುಣ್ಣ ಬೀಳುತ್ತಿತ್ತು, ಅವನು ಗದರುತ್ತಿದ್ದ, ಕ್ಲಾಸು ನಗುತ್ತಿತ್ತು. ನಗಿಸುವುದು ಅವನಿಗೆ ಇಷ್ಟವಾಗುತ್ತಿತ್ತು, ಅದನ್ನು ಇಲ್ಲವೆಂದು ಹೇಳಿ ಏನು ಪ್ರಯೋಜನ? ಆಮೇಲೆ ಪ್ರಿಪರೇಟರಿ ಪರೀಕ್ಷೆ. ಗಣಿತದ ದಿನ ಕೊಠಡಿಯ ಮೇಲ್ವಿಚಾರಣೆಗೆ ಅವನೇ. ಬೆಲ್ಲು ಹೊಡೆದ ಮೇಲೆ ಎಲ್ಲರೂ ಹೋದರು, ಚೈತ್ರ ಏಳಲಿಲ್ಲ. ಉತ್ತರಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಒಂದಕ್ಷರವಿಲ್ಲ. ಏಳವ್ವ ಎಂದರೆ ತಲೆ ಎತ್ತಲಿಲ್ಲ. ಬೆಂಚಿನ ಕೆಳಗೆ ನೆಲ ಒದ್ದೆಯಾಗಿತ್ತು.

ಅವತ್ತು ಅವನು ಚೆನ್ನಾಗಿ ನಡೆದುಕೊಂಡ. ಇದನ್ನು ನೆನೆದುಕೊಂಡರೆ ಈಗಲೂ ಒಂದು ಬಗೆಯ ಸಮಾಧಾನ. ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡು ತಾನೇ ಬಕೆಟ್ಟಿನಲ್ಲಿ ನೀರು ತಂದು, ಸುಮ್ಮನೆ ಎಡವಿದವನ ಹಾಗೆ ಬೆಂಚಿನ ಮೇಲೆ, ಅವಳ ಲಂಗದ ಮೇಲೆ ಚೆಲ್ಲಿ, 'ಅಯ್ಯೋ ಶಿವನೇ, ನೋಡವ್ವ ನನ್ನ ಕೈ' ಎಂದಿದ್ದ. ಹುಡುಗಿ ಆಗ ತಲೆ ಎತ್ತಿ ಅವನನ್ನೇ ನೋಡಿದಳು. ಅತ್ತಳು. 'ನಮ್ಮಪ್ಪಂಗೆ ಏಳ್ಬ್ಯಾಡಿ ಸಾ. ಯಾರ್ಗೂ ಏಳ್ಬ್ಯಾಡಿ. ಗೊತ್ತಾದ್ರೆ ನಾನು ಪರೀಕ್ಸೆಗೇ ಬರಲ್ಲ ಸಾ, ಇಸ್ಕೂಲಿಗೇ ಬರಲ್ಲ.' 'ಯಾರಿಗೂ ಹೇಳಲ್ಲ ಕಣವ್ವ. ನಿನ್ನಾಣೆ.' ಮರುದಿನದಿಂದ ಅವಳ ಕಲ್ಲು ಬೀಳಲಿಲ್ಲ. ಕಲ್ಲಿನ ಮಹಿಮೆಯೋ, ಒಬ್ಬರಿಗಾದರೂ ಗೊತ್ತಿದೆ ಎಂಬ ಧೈರ್ಯವೋ, ಯಾರಿಗೆ ಗೊತ್ತು. ಹೋದ ವಾರ ಬೋರ್ಡಿಗೆ ಬಂದು ಒಂದು ಪ್ರಮೇಯ ಪೂರ್ತಿ ಬರೆದಳು. ಅವತ್ತು ಬಸ್ಸಿನಲ್ಲಿ ನಂಜನಗೂಡಿನವರೆಗೂ ಅವನು ಒಬ್ಬನೇ ನಗುತ್ತಾ ಹೋಗಿದ್ದ.

ಹತ್ತು ನಿಮಿಷವಾಯಿತು, ಕಣ್ಣು ಬಿಡಿ ಎಂದ. ಮಧ್ಯಾಹ್ನದವರೆಗೆ ಮೂರು ಪಿರಿಯಡ್ಡು. ಏನು ಪಾಠ ಮಾಡಿದನೋ. ಊಟದ ಬೆಲ್ಲಿಗೆ ನಲ್ಲಿಯ ಹತ್ತಿರ ಕೈ ತೊಳೆಯಲು ಬಗ್ಗಿದಾಗ ಕೊರಳಿನಲ್ಲಿದ್ದ, ಲಿಂಗವಿಡುವ ಬೆಳ್ಳಿ ಕರಡಿಗೆ ಅಂಗಿಯಿಂದ ಹೊರಗೆ ಬಂದು ತೂಗಾಡಿತು. ಒದ್ದೆ ಕೈಯಲ್ಲೇ ಒಳಗೆ ತಳ್ಳಿದ. ಮೂವತ್ತು ವರ್ಷದ ಹಿಂದೆ ಕಪಿಲೆಯ ಸ್ನಾನಘಟ್ಟದಲ್ಲೂ ಹೀಗೇ, ಬಗ್ಗಿದ್ದಷ್ಟೇ. ದೀಕ್ಷೆಯಾಗಿ ಎರಡು ತಿಂಗಳಾಗಿತ್ತು, ಇನ್ನೂ ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಳ್ಳುತ್ತಿದ್ದ ಕಾಲ, ಗಂಟು ಸಡಿಲವಿತ್ತು, ಲಿಂಗ ಜಾರಿ ಹೊಳೆಗೆ ಬಿತ್ತು. ನೀರಿನಲ್ಲಿ ಮುಳುಗಿ ಮುಳುಗಿ ತಡಕಿದ. ಕೈಗೆ ಸಿಕ್ಕಿದ್ದೆಲ್ಲ ಕಲ್ಲೇ. ಲಿಂಗ ಕಳೆದುಕೊಂಡವನು ಅದು ಸಿಗುವ ತನಕ, ಇಲ್ಲವೇ ಗುರುಗಳಿಂದ ಬೇರೆಯದು ಪಡೆಯುವ ತನಕ, ಅನ್ನ ನೀರು ಮುಟ್ಟುವಂತಿಲ್ಲ. ಅವನು ಮುಟ್ಟದಿದ್ದರೆ ಅವ್ವ ಚನ್ನಾಜಮ್ಮನೂ ಮುಟ್ಟುವವಳಲ್ಲ, ಗುರುಗಳು ಆಗ ಊರಿನಲ್ಲಿರಲಿಲ್ಲ, ಬರುವುದು ನಾಲ್ಕು ದಿನವೋ ಐದು ದಿನವೋ. ಮನೆಯಲ್ಲಿ ಅವತ್ತು ಹಿತಕಿದ ಅವರೆಕಾಳಿನ ಸಾರು. ಹಸಿವಾಗಿತ್ತು, ಅಷ್ಟೇ. ದೊಡ್ಡ ಪಾಪದ ಯೋಚನೆಯೇನೂ ಇರಲಿಲ್ಲ. ನೆಲ್ಲಿಕಾಯಿ ಗಾತ್ರದ ಕಪ್ಪು ಕಲ್ಲೊಂದನ್ನು ಆರಿಸಿ ಬಟ್ಟೆಯಲ್ಲಿ ಕಟ್ಟಿಕೊಂಡು ಮನೆಗೆ ಓಡಿದ. ಅವ್ವ ಬಡಿಸಿದಳು, ಪೂಜೆ ಆಯ್ತೇನೋ ಮಗ ಎಂದಳು, ಆಯ್ತು ಎಂದ. ಅವಳು ಸಾಯುವವರೆಗೂ ಹಾಗೆಯೇ ನಂಬಿದ್ದಳು. ಮದುವೆಯಲ್ಲಿ ಮಾವನ ಮನೆಯವರು ಬೆಳ್ಳಿ ಕರಡಿಗೆ ಮಾಡಿಸಿಕೊಟ್ಟರು, ಅದೇ ಕಲ್ಲು ಅದರೊಳಗೆ ಹೋಯಿತು. ಶಿವರಾತ್ರಿಯ ದಿನ ಈ ಊರಿನ ಯಜಮಾನರೇ ಕರೆದು ಮಣೆಯ ಮೇಲೆ ಕೂರಿಸಿ ಪಾದ ತೊಳೆದು ಆ ನೀರು ತೆಗೆದುಕೊಳ್ಳುತ್ತಾರೆ. ಅವನು ಕಾಲು ನೀಡಿಕೊಂಡು ಕೂತಿರುತ್ತಾನೆ. ದಿನಾ ಬೆಳಿಗ್ಗೆ ಎಡಗೈಯಲ್ಲಿ ಆ ಕಲ್ಲನ್ನಿಟ್ಟುಕೊಂಡು ನೋಡುವಾಗ ಒಂದೊಂದು ದಿನ ಒಂದೆರಡು ನಿಮಿಷ ಒಳಗೆಲ್ಲ ನಿಶ್ಶಬ್ದವಾಗುತ್ತದೆ. ಹೊಳೆಯ ಕಲ್ಲಿನಿಂದಲೂ ಆಗುತ್ತದೆ ಎಂದು ಅವನಿಗೆ ಗೊತ್ತು. ಅದನ್ನು ಹೇಳುವ ಬಾಯಿ ಅವನಿಗಿಲ್ಲ.

'ಸಾ.' ಹಿಂದೆ ಚೈತ್ರ ನಿಂತಿದ್ದಳು, ತೊಳೆದ ಟಿಫಿನ್ ಬಾಕ್ಸು ಹಿಡಿದುಕೊಂಡು. 'ಇವತ್ತು ಮೀಟಿಂಗಿಗೆ ನಮ್ಮಪ್ಪನೂ ಬತ್ತದಂತೆ.'

'ಬರ್ಲಿ ಬಿಡು. ಸಮಿತೀಲಿ ಅವ್ರೂ ಒಬ್ರು ತಾನೇ?'

'ಕಲ್ಲಿನ ವಿಚಾರ ಅಂತೆ. ಕಲ್ಲು ಬುಡಿಸ್ಬುಡ್ತಾರಾ ಸಾ?'

'ಬಿಡಿಸಿದ್ರೆ ಬೇರೆ ಏನಾರ ಮಾಡೋಣ. ನೀನು ಯಾಕೆ ತಲೆ ಕೆಡಿಸ್ಕೊಳ್ತೀಯ?'

ಹುಡುಗಿ ಹೋಗಲಿಲ್ಲ. ನೆಲ ನೋಡಿಕೊಂಡು, 'ಅದ್ನ...' ಎಂದಳು. 'ಹೇಳಲ್ಲ ಕಣವ್ವ, ಎಷ್ಟು ಸಲ ಹೇಳ್ಬೇಕು?' ಎಂದ, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ. ಅವಳಿಗೆ ತನ್ನ ಮೇಲೆ ಸಂಶಯವೇ ಎಂದು ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಊಟ ಮಾಡಿದ.

ಹೆಡ್ಮೇಷ್ಟ್ರ ಕೋಣೆಯಲ್ಲಿ ಐದು ಜನ. ಮೇಜಿನ ಹಿಂದೆ ನಡಾವಳಿ ಪುಸ್ತಕ ತೆರೆದುಕೊಂಡು ಅನಂತಪದ್ಮನಾಭ. ಸಮಿತಿಯ ಅಧ್ಯಕ್ಷ ಶಿವಮಲ್ಲಪ್ಪ, ಅಕ್ಕಿ ಗಿರಣಿಯ ಯಜಮಾನ, ಹಣೆ ತುಂಬ ವಿಭೂತಿ. ಶಿವರಾತ್ರಿಯಲ್ಲಿ ಗಂಗಾಧರಸ್ವಾಮಿಯ ಪಾದ ತೊಳೆಯುವವರು ಇವರೇ. ಪಂಚಾಯ್ತಿ ಮೆಂಬರ್ ಮಾದಯ್ಯ ಕೆಳಗೇರಿಯವರು, ಮೊಮ್ಮಗ ಹತ್ತನೇ ಕ್ಲಾಸು. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಚೈತ್ರನ ಅಪ್ಪ ಶಿವರಾಜು, ಬಾಳೆಗೊನೆ ವ್ಯಾಪಾರದವನು, ಕೈಯ ತುಂಬ ಬಾಳೆಯ ಕರೆ. ಐದನೆಯವನು ತಾನು, ಕೂರಿ ಎನ್ನುವವರೆಗೂ ನಿಂತೇ ಇದ್ದ.

ಮೊದಲು ಶುರುಮಾಡಿದ್ದು ಮಾದಯ್ಯ. 'ನಮ್ ಉಡ್ಗ ಬೆಳಗೆದ್ದು ಎಡಗೈಲಿ ಕಲ್ಲಿಟ್ಕಂಡು ಕಣ್ ಮುಚ್ಕಂಡು ಕುಂತ್ಕತಾನೆ ಮೇಷ್ಟ್ರೆ. ಅವರಜ್ಜಿ ನೋಡ್ಬುಟ್ಟು, ಅಯ್ಯಯ್ಯೋ ಲಿಂಗ ಕಟ್ಬುಟ್ಟವ್ರೆ ಕನಪ್ಪೋ ಅಂತ ಬಾಯ್ ಬಡ್ಕಂಡ್ಳು. ನಮ್ ದೇವ್ರು ನಮಗವ್ನೆ. ನಿಮ್ದು ನೀವೇ ಮಡೀಕಳಿ. ಇಸ್ಕೂಲಲ್ಲಿ ಇದ್ಯಾಕೆ?'

'ಅದೇ ನಾನೂ ಕೇಳಾದು' ಎಂದರು ಶಿವಮಲ್ಲಪ್ಪ. 'ಅಯ್ನೋರೆ, ಲಿಂಗ ಅಂದ್ರೆ ಗೋಲಿ ಆಟನಾ? ದೀಕ್ಷೆ ಇಲ್ಲ, ನೇಮ ಇಲ್ಲ, ದಾರೀಲಿ ಬಿದ್ದಿರೋ ಕಲ್ಲ ತಂದು ಅಂಗೈಲಿಟ್ಟು ಕಣ್ ಮುಚ್ಸೋದಾ? ಬೇರೆಯೋರು ಮಾಡಿದ್ರೆ ಇರ್ಲಿ ಅನ್ಬೋದಿತ್ತು. ನೀವೇ ಇಂಗ್ ಮಾಡಿದ್ರೆ ಎಂಗೆ?'

ಇಬ್ಬರೂ ಎದುರುಬದುರಿನಿಂದ ಬಂದು ಅವನ ಮೇಲೇ ಬಿದ್ದಿದ್ದರು, ನಗು ಬರಬೇಕಾದ ಸಂಗತಿ. 'ಇದು ತರಬೇತಿಯಲ್ಲಿ ಹೇಳಿಕೊಟ್ಟಿದ್ದು' ಎಂದ. ಅನಂತಪದ್ಮನಾಭ ಕನ್ನಡಕ ಸರಿಮಾಡಿಕೊಂಡು, 'ನಾನು ಕೈಪಿಡಿ ತೆಗೆಸಿ ನೋಡಿದೆ ಗಂಗಾಧರಸ್ವಾಮಿಯವರೇ. ದ್ರಾಕ್ಷಿ ಅಂತಿದೆ. ಕಲ್ಲು ಅಂತಲೂ ಇಲ್ಲ, ಎಡಗೈ ಅಂತಲೂ ಇಲ್ಲ' ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಲೆಕ್ಕ ತಪ್ಪಿದ ಹುಡುಗನಿಗೆ ತಾನು ಹೇಳುವ ದನಿಯೇ ಇತ್ತು. ಅವನ ಕೈ ತಾನಾಗಿ ಎದೆಯ ಹತ್ತಿರ ಹೋಯಿತು. ಈಗ ಕರಡಿಗೆ ಬಿಚ್ಚಿ ಮೇಜಿನ ಮೇಲಿಟ್ಟು, ನೋಡಿ ಯಜಮಾನ್ರೆ, ಇದೂ ಹೊಳೆಯ ಕಲ್ಲೇ, ಮೂವತ್ತು ವರ್ಷದಿಂದ ಇದನ್ನೇ ನೋಡಿಕೊಂಡು ಬದುಕಿದ್ದೀನಿ, ಇದೊಂದೇ ನನಗೆ ಗೊತ್ತಿರೋದು, ಅದನ್ನೇ ಮಕ್ಕಳಿಗೆ ಕೊಟ್ಟೆ ಎಂದು ಹೇಳಿಬಿಟ್ಟರೆ? ಶಿವಮಲ್ಲಪ್ಪನ ಬಾಯೊಳಗೆ ಹೋದ ಪಾದೋದಕವೆಲ್ಲ ಕಣ್ಣ ಮುಂದೆ ಬಂತು. ಅವ್ವ ಬಂದಳು. ಕೈ ಕೆಳಗಿಳಿಯಿತು.

ಆಗ ಶಿವರಾಜು ಸ್ಟೂಲಿನಿಂದ ಮುಂದಕ್ಕೆ ಬಾಗಿದ. ಅಲ್ಲಿದ್ದವರಲ್ಲಿ ಅವನೊಬ್ಬನೇ ಮೇಷ್ಟ್ರ ಪರ. 'ಇರ್ಲಿ ಬುಡಿ ಯಜಮಾನ್ರೆ, ಅದೇನ್ ಅಂತ ಪೂರಾ ಕೇಳೋಣ. ಸಾ, ಇದ್ರಿಂದ ಮಕ್ಳಿಗೆ ಏನಾರ ಅನುಕೂಲ ಆಗಿದ್ರೆ ಏಳಿ. ಒಂದ್ ಮಗೀಗಾರ ಆಗದಾ? ಯಾರ್ಗ್ ಆಗದೆ, ಒಂದ್ ಎಸ್ರು ಏಳಿ. ಆಗದೆ ಅಂದ್ರೆ ನಾನೇ ನಿಂತ್ಕಂಡು ನಡುಸ್ತೀನಿ.'

'ನಿಮ್ಮ ಚೈತ್ರನಿಗೇ ಆಗಿದೆ.'

ಹೇಳಿದ್ದು ಯಾರು? ಹೆಸರಿಗೆ ನಿಲ್ಲಿಸಬಹುದಿತ್ತು. ಶಿವರಾಜು ಮುಖವರಳಿಸಿ, 'ನಮ್ ಚೈತ್ರನ್ಗಾ? ಅವಳ್ಗೇನಾಗಿತ್ತು?' ಎಂದ. ಮೂವರೂ ಇತ್ತ ತಿರುಗಿದರು. ಅಷ್ಟು ಹೊತ್ತಿನಿಂದ ತಪ್ಪಿತಸ್ಥನ ಹಾಗೆ ಕೂತವನ ಮಾತಿಗೆ ಒಮ್ಮೆಗೇ ಬೆಲೆ ಬಂದಿತ್ತು, ಆ ಬೆಲೆಯ ರುಚಿ ನಾಲಿಗೆಗೆ ಹತ್ತಿತು. ಕೈ ನಡುಗುತ್ತಿದ್ದದ್ದು ಹೇಳಿದ. ಸೀಮೆಸುಣ್ಣ ಬೀಳುತ್ತಿದ್ದದ್ದು ಹೇಳಿದ. ಖಾಲಿ ಉತ್ತರಪತ್ರಿಕೆ ಹೇಳಿದ. ಒಂದಾದ ಮೇಲೊಂದು ಹಂತ, ಪ್ರಮೇಯ ಸಾಧಿಸುವ ಹಾಗೆ, ಎಲ್ಲಿಯೂ ತೊದಲದೆ. ಬೆಂಚಿನ ಕೆಳಗಿನ ಒದ್ದೆಯನ್ನೂ ಹೇಳಿದ. ತಾನು ನೀರು ತಂದು ಚೆಲ್ಲಿದ್ದನ್ನು ಹೇಳುವಾಗ ಅವನ ದನಿ ಸ್ವಲ್ಪ ಒದ್ದೆಯಾಯಿತು, ಅದು ಅವನಿಗೇ ಕೇಳಿಸಿತು, ಹೇಸಿಗೆಯಾಯಿತು, ಆದರೂ ನಿಲ್ಲಿಸಲಿಲ್ಲ. ಎದೆಯೊಳಗೆ ಎರಡು ಗುಟ್ಟಿದ್ದವು, ಒಂದು ತನ್ನದು, ಒಂದು ಆ ಮಗುವಿನದು. ಮಗುವಿನದನ್ನು ತೆಗೆದು ಕೊಟ್ಟ.

ಶಿವರಾಜು ತನ್ನ ಕರೆಹಿಡಿದ ಬೆರಳುಗಳನ್ನು ಉಜ್ಜಿಕೊಳ್ಳುತ್ತಾ ಕೂತಿದ್ದ. 'ಮನೇಲಿ ಒಂದ್ ಮಾತೂ ಏಳಿಲ್ವಲ್ಲ ಸಾ' ಎಂದ ಕೊನೆಗೆ. 'ನಾನೇನ್ ಒಡೀತಿದ್ನಾ, ಬಯ್ತಿದ್ನಾ?' ಮಾದಯ್ಯ, 'ಪಾಪ, ಎಣ್ ಕೂಸು' ಎಂದು ನಿಟ್ಟುಸಿರಿಟ್ಟರು. ಅನಂತಪದ್ಮನಾಭ ಪೆನ್ನು ತೆಗೆದು, 'ಇದನ್ನು ದಾಖಲಿಸೋಣ. ಕಾರ್ಯಕ್ರಮದಿಂದ ಚೈತ್ರ ಎಂಬ ವಿದ್ಯಾರ್ಥಿನಿಗೆ...' ಎಂದು ಬರೆಯತೊಡಗಿದರು. 'ಹೆಸರು ಬೇಡ ಸಾರ್' ಎಂದ ಗಂಗಾಧರಸ್ವಾಮಿ. 'ಹೆಸರಿಲ್ಲದೆ ಹೇಗ್ರೀ? ಇನ್‌ಸ್ಪೆಕ್ಷನ್ನಿನಲ್ಲಿ ಕೇಳ್ತಾರೆ' ಎಂದರು. ಬರೆದರು.

ಶಿವಮಲ್ಲಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. 'ಅಲ್ಲ ಕಣ್ರೀ ಅಯ್ನೋರೆ, ಇಷ್ಟ್ಕೆಲ್ಲ ಯಾಕೆ ಇಷ್ಟ್ ದೊಡ್ಡ ಕತೆ? ನಾನು ಮನೆ ಬುಡುವಾಗ್ಲೇ ಯೋಚ್ನೆ ಮಾಡ್ಕಂಡ್ ಬಂದಿದ್ದೆ. ಕಲ್ಲ ಬಲಗೈಲಿ ಇಟ್ಕಳ್ಲಿ. ಬಲಗೈಲಿ ಇಟ್ರೆ ಅದು ಲಿಂಗ ಆಗಲ್ಲ, ನಮ್ಗೂ ತೊಂದ್ರೆ ಇಲ್ಲ, ಏನ್ ಮಾದಯ್ಯ?' 'ಬಲಗೈ ಆದ್ರೆ ನಂದೇನೂ ತಕರಾರಿಲ್ಲ' ಎಂದರು ಮಾದಯ್ಯ. ಅಷ್ಟೇ. ಚಾ ಬಂತು. ಎರಡು ನಿಮಿಷ, ಎರಡೇ ನಿಮಿಷ ಸುಮ್ಮನೆ ಬೈಸಿಕೊಂಡು ಕೂತಿದ್ದರೆ ಸಾಕಿತ್ತು. ಗಂಗಾಧರಸ್ವಾಮಿ ಗ್ಲಾಸು ಮುಟ್ಟದೆ ಹೊರಗೆ ಬಂದ.

ಚೈತ್ರನಿಗೆ ತಾನೇ ಮೊದಲು ಹೇಳಬೇಕು. ಅಪ್ಪ ಹೇಳುವುದಕ್ಕೆ ಮುಂಚೆ, ತನ್ನ ಬಾಯಿಂದಲೇ, ತಪ್ಪಾಯಿತು ಎಂದು. ವರಾಂಡದಲ್ಲಿ ಓಡುವ ಹಾಗೆ ನಡೆದ. ಹತ್ತನೇ ಕ್ಲಾಸಿಗೆ ನಾಲ್ಕು ಗಂಟೆಯ ವಿಶೇಷ ತರಗತಿ, ಮಕ್ಕಳು ಕೂತು ಕಾಯುತ್ತಿದ್ದರು. ಒಳಗೆ ಹೋದ ಕೂಡಲೇ ನಲವತ್ತೊಂದು ಮುಖಗಳು ಎದ್ದು ನಿಂತವು, ಅವಳದೂ. ಅವಳು ಕಣ್ಣಿನಲ್ಲೇ ಏನಾಯಿತು ಎಂದು ಕೇಳಿದಳು. ಎಲ್ಲರ ಎದುರಿಗೆ ಏನು ಹೇಳುವುದು? ಹೊರಗೆ ಕರೆದರೆ ಎಲ್ಲರೂ ನೋಡುತ್ತಾರೆ. ಹತ್ತು ನಿಮಿಷ ಸಿಕ್ಕರೆ ಮಾತು ಜೋಡಿಸಿಕೊಳ್ಳಬಹುದು ಎನಿಸಿತು. 'ಕಲ್ಲು ತೆಗೀರಿ' ಎಂದ. 'ಇವತ್ತಿಂದ ಬಲಗೈ.' 'ಯಾಕ್ ಸಾ?' ಎಂದ ಯಾವನೋ. 'ಬಲಗೈ ಅಂದ್ರೆ ಬಲಗೈ. ನೋಡಿ. ಈಗ ಕಣ್ಣು ಮುಚ್ಚಿ. ಯಾರು ಬಂದ್ರೂ, ಏನು ಸದ್ದಾದ್ರೂ, ನಾನು ಹೇಳೋವರೆಗೆ ಬಿಡಬಾರದು.' ಮುಚ್ಚಿದರು. ಚೈತ್ರನೂ ಮುಚ್ಚಿದಳು. ಅವಳ ಬಲಗೈ, ಬರೆಯುವ ಕೈ, ಒಂದಿಷ್ಟೂ ಅಲುಗದೆ ನಿಂತಿತ್ತು. ಕಲ್ಲು ಬಿಡಿಸಲಿಲ್ಲವಲ್ಲ ಎಂದು ಅವಳ ತುಟಿಯ ಮೂಲೆಯಲ್ಲಿ ಸಣ್ಣ ನಗು.

ಬಾಗಿಲಲ್ಲಿ ನೆರಳಾಯಿತು. ಶಿವರಾಜು. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದಿದ್ದ. ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಕಣ್ಣು ಒದ್ದೆಯಾಗಿದ್ದವು. ಗಂಗಾಧರಸ್ವಾಮಿ ಬೇಡ, ಈಗ ಬೇಡ ಎಂದು ಕೈಯಾಡಿಸಿದ. ಶಿವರಾಜು ಅವನನ್ನು ನೋಡಲೇ ಇಲ್ಲ, ಬೆಂಚುಗಳ ನಡುವೆ ಬರಿಗಾಲಲ್ಲಿ ನಡೆದು ಹೋಗಿ ಮಗಳ ತಲೆಯ ಮೇಲೆ ಕೈಯಿಟ್ಟ.

'ಭಯ ಬೀಳ್ಬ್ಯಾಡ ಕಣ್ ಮಗ' ಎಂದ. 'ಅಂಗಾಯ್ತದೆ. ಅದ್ಕೆಲ್ಲ ನಾಚ್ಕಬ್ಯಾಡ. ಮನೀಗ್ ಓಗನ ಬಾ.'

ಅವಳು ಕಣ್ಣು ಬಿಟ್ಟಳು. ಅಪ್ಪನ ಮುಖ ನೋಡಿದಳು. ಆಮೇಲೆ ಬೋರ್ಡಿನ ಹತ್ತಿರ ನಿಂತಿದ್ದ ಮೇಷ್ಟ್ರನ್ನು ನೋಡಿದಳು. ಸುತ್ತಲೂ ಕಣ್ಣು ಮುಚ್ಚಿ ಕೂತ ನಲವತ್ತು ಜನರಿಗೆ ಕೇಳಬಾರದೆಂದು ದನಿ ತಗ್ಗಿಸಿ ಕೇಳಿದಳು.

'ಏಳ್ಬುಟ್ರಾ ಸಾ?'

ಇಲ್ಲ ಎನ್ನಬಹುದಿತ್ತು. 'ಹೂಂ' ಎಂದ.

ಅವಳು ಅಳಲಿಲ್ಲ. ಪುಸ್ತಕಗಳನ್ನೆಲ್ಲ, ಎಲ್ಲವನ್ನೂ, ಬೆಂಚಿನ ಒಳಗಿದ್ದ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ತೆಗೆದು ಚೀಲಕ್ಕೆ ತುಂಬಿಕೊಂಡಳು. ಎದ್ದು ನಿಂತವಳು ಕೈಯನ್ನು ಮೆಲ್ಲಗೆ ಹಿಂದಕ್ಕೆ ಒಯ್ದು ತನ್ನ ನೀಲಿ ಲಂಗವನ್ನು ಮುಟ್ಟಿ ನೋಡಿಕೊಂಡಳು, ಒದ್ದೆಯಾಗಿದೆಯೇ ಎಂದು. ಇನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ಅಪ್ಪನ ಹಿಂದೆ ಹೊರಟು ಹೋದಳು.